ಎದೆಯ ಮೇಲಿನ ಗೆರೆ

ಆಗ ನನಗೆ ಅರವತ್ತೊಂದು. ಈಗ್ಗೆ ಆರು ವರ್ಷದ ಹಿಂದಿನ ಮಾತು. ಅವ್ವನಿಗೆ ಎಂಬತ್ತರ ಮೇಲೆ ಎಷ್ಟೋ, ಅವಳಿಗೂ ಗೊತ್ತಿರಲಿಲ್ಲ.

ಅವಳ ಎಡ ಮೊಲೆಯಲ್ಲಿ ಗಡ್ಡೆಯಾಗಿ ಆಪರೇಷನ್ ಮಾಡಿದ್ದರು. ಆಮೇಲೆ ಕರೆಂಟು ಕೊಡಬೇಕು ಎಂದರು. ರೇಡಿಯೇಶನ್ನಿಗೆ ನಮ್ಮ ಕಡೆ ಕರೆಂಟು ಎಂದೇ ಹೇಳುವುದು. ಹೆಸರಘಟ್ಟದ ಆಚೆಯ ಊರಿನಿಂದ ದಿನಾ ಕರೆತರುವುದು ಆಗದ ಮಾತು. ಅದಕ್ಕೇ ಆರ್.ಟಿ. ನಗರದ ನನ್ನ ಮನೆಯಲ್ಲೇ ಇಟ್ಟುಕೊಂಡೆ. ಕ್ಯಾನ್ಸರ್ ಅನ್ನುವ ಮಾತು ಮಾತ್ರ ಅವಳ ಕಿವಿಗೆ ಬೀಳಕೂಡದು ಎಂದು ತಮ್ಮ, ಅವನ ಹೆಂಡತಿ, ನಾನು ಸೇರಿ ತೀರ್ಮಾನ ಮಾಡಿದ್ದೆವು. ನಮ್ಮಲ್ಲಿ ಹಾಗೇ. ಹೆಸರು ಕೇಳಿದರೆ ಕಾಯಿಲೆಗಿಂತ ಮೊದಲು ಭಯವೇ ಕೊಲ್ಲುತ್ತದೆ ಅಂತಾರೆ.

ಕರೆಂಟು ಬೀಳಬೇಕಾದ ಜಾಗಕ್ಕೆ ಮಿಷನ್ ಹತ್ತಿರದ ಹುಡುಗಿ ಅವ್ವನ ಎದೆಯ ಮೇಲೆ ಬಣ್ಣದಲ್ಲಿ ಗೆರೆ ಎಳೆದಳು. ನನ್ನನ್ನು ಕರೆದು, “ಇದು ಅಳಿಸ್ಬಾರ್ದು ಆಂಟಿ. ಅಲ್ಲಿ ಸೋಪು, ಎಣ್ಣೆ ಏನೂ ಬೇಡ. ಗೆರೆ ಹೋದ್ರೆ ನಾವು ಮಿಷನ್ ಹಾಕಲ್ಲ,” ಅಂದಳು.

ನಾನು ಆ ಗೆರೆಯನ್ನು ಜೋಪಾನವಾಗಿ ಕಾಯ್ದೆ. ಅವ್ವನ ತಲೆಗೆ, ಕಾಲಿಗೆ ನಾನೇ ನೀರು ಹಾಕುತ್ತಿದ್ದೆ, ಎದೆಗೆ ಹನಿ ತಾಗದ ಹಾಗೆ. ಆದರೂ ಒಂದು ಸೋಮವಾರ ಹುಡುಗಿ ಸೆರಗು ಸರಿಸಿ ನೋಡಿ ಮುಖ ಗಂಟು ಹಾಕಿದಳು. ಗೆರೆ ಅರ್ಧಕ್ಕರ್ಧ ಇರಲಿಲ್ಲ. ಹರಳೆಣ್ಣೆ ವಾಸನೆ. ಅವತ್ತು ಕರೆಂಟಿಲ್ಲ. ಮತ್ತೆ ಅಳತೆ ತೆಗೆಯಬೇಕು, ನಡುವೆ ಹೀಗೆ ನಿಂತು ನಿಂತು ಹೋದರೆ ಕೊಟ್ಟಿದ್ದೂ ದಂಡ ಎಂದು ಡಾಕ್ಟರು ರೇಗಿದರು.

ಹಿಂದಿನ ದಿನ ಬಂದಿದ್ದವಳು ತಮ್ಮನ ಹೆಂಡತಿ. ನನಗೆ ಅಷ್ಟು ಸಾಕಾಯಿತು. ಅವಳು ಮೊದಲಿಂದಲೂ ಆಸ್ಪತ್ರೆ ಬೇಡ, ಯಾರೋ ನಾಟಿ ಔಷಧಿಯವನ ಹತ್ತಿರ ಹೋಗೋಣ ಅಂತಿದ್ದಳು. ಫೋನ್ ಮಾಡಿದೆ.

“ಎಣ್ಣೆ ತಂದಿದ್ದೆಯಾ?”

“ತಂದಿದ್ದೆ ಅಕ್ಕ. ಕರೆಂಟು ಉಷ್ಣ ಅಲ್ವಾ? ನೆತ್ತಿಗೆ ಒಂದ್ ತೊಟ್ಟು ಒತ್ತಿದೆ, ಅಷ್ಟೆ.”

“ನೆತ್ತಿಗೆ ಒತ್ತಿದ್ದು ಎದೆಗೆ ಹೆಂಗೆ ಇಳೀತು? ಕಾಲು ಬಂದಿತ್ತಾ ಅದಕ್ಕೆ?”

“ನಿಮಗೆ ಯಾರ್ ಮೇಲೆ ನಂಬಿಕೆ ಇದೆ ಹೇಳಿ ಅಕ್ಕ? ಹಾಲಿನೋನು ನೀರು ಹಾಕ್ತಾನೆ, ಕಂಡಕ್ಟ್ರು ಚಿಲ್ಲರೆ ನುಂಗ್ತಾನೆ, ನಾನು ಅತ್ತೆ ಗೆರೆ ಅಳಿಸ್ತೀನಿ.”

“ಇನ್ನು ಈ ಕಡೆ ಬರಬೇಡ,” ಅಂದೆ. ಅವಳು ಬರಲಿಲ್ಲ. ಹೊಸ ಗೆರೆ ಎಳೆದರು. ವಾರ ಕಳೆಯುವುದರೊಳಗೆ ಅದೂ ಮಸುಕಾಗತೊಡಗಿತು.

ಮನೆಯಲ್ಲಿದ್ದವರು ಇಬ್ಬರೇ. ಒಂದು ಸಾಯಂಕಾಲ ಸೊಪ್ಪು ತರುತ್ತೇನೆಂದು ಹೇಳಿ, ಚಪ್ಪಲಿ ಸದ್ದು ಕೇಳುವ ಹಾಗೆ ಮೆಟ್ಟಿಲಿಳಿದೆ. ಚಪ್ಪಲಿ ಕೆಳಗೇ ಬಿಟ್ಟು ಬರಿಗಾಲಲ್ಲಿ ವಾಪಸ್ಸು ಬಂದೆ. ಅವ್ವ ಮಂಚದ ಮೇಲೆ ಕೂತು, ಸೆರಗಿನ ತುದಿಗೆ ಎಣ್ಣೆ ಅದ್ದಿ, ಎದೆ ಉಜ್ಜಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ.

“ಏನವ್ವ ಇದು?”

“ಕಾಣಲ್ವಾ? ಅಳಿಸ್ತಾ ಇವ್ನಿ.”

“ಯಾಕೆ?”

“ಕುರಿ ಕೊಳ್ಳೋರು ಬಂದ್ರೆ ಏನ್ ಮಾಡ್ತಿದ್ರು? ಬೇಕಾದ್ದರ ಬೆನ್ ಮ್ಯಾಲೆ ಬಣ್ಣ ಬಳಿತಿದ್ರು. ಬಣ್ಣ ಬಿದ್ದ ಕುರಿ ಅಟ್ಟಿಗೆ ವಾಪಸ್ ಬಂದಿದ್ದು ಯಾವತ್ತಾರ ಕಂಡಿದ್ದೀಯಾ?”

“ಅದು ಸಂತೆ. ಇದು ಆಸ್ಪತ್ರೆ.”

“ನನ್ ಪಕ್ಕ ಕೂರ್ತಿದ್ಲಲ್ಲ, ತುಮಕೂರಿನೋಳು, ಅವ್ಳಿಗೂ ಗೆರೆ ಆಕಿದ್ರು. ಎಲ್ಲಿ ಓದ್ಲು? ಅವ್ಳಿಂದೆ ಆ ಮುದುಕಿ, ಅವ್ಳೆಲ್ಲಿ? ಗೆರೆ ಬಿದ್ದೋರೆಲ್ಲ ಒಬ್ಬೊಬ್ರೇ ಬರದಂಗಾದ್ರು. ಕಾಯ್ಲೆ ಎಸ್ರು ಕೇಳಿದ್ರೆ ನೀನು ಗೋಡೆ ನೋಡ್ತೀಯ, ನಿನ್ ತಮ್ಮ ಫೋನ್ ನೋಡ್ತಾನೆ. ಯಾಪಾರ ಮುಗಿಸ್ಬುಟ್ಟವ್ರೆ ಅನ್ಕೊಂಡೆ.”

ತುಮಕೂರಿನವಳ ಕೋರ್ಸು ಮುಗಿದಿದೆ ಎಂದು ಹುಡುಗಿ ನನಗೆ ಹೇಳಿದ್ದಳು. ಅದನ್ನು ನಾನೂ ಪೂರ್ತಿ ನಂಬಿರಲಿಲ್ಲ. ಆದರೂ ಅದನ್ನು ಹೇಳಿದೆ, ಕ್ಯಾನ್ಸರ್ ಎಂದೂ ಹೇಳಿದೆ. ಅವ್ವ ಅಳಲಿಲ್ಲ. ರವಿಕೆಯ ಗುಂಡಿ ಹಾಕಿಕೊಂಡಳು.

“ವಾಸಿ ಆಯ್ತದಾ?”

“ಆಗುತ್ತೆ ಅಂತಾರೆ.”

“ಯಾರು? ನೀನು ಇಷ್ಟ್ ದಿನ ಸುಳ್ಳೇಳ್ದೋಳು. ನಿನ್ ಬಾಯಿಂದ ಬಂದ್ರೆ ನಾನು ನಂಬಲ್ಲ. ನಾಳೆಯಿಂದ ಓಗೋದೂ ಇಲ್ಲ.”

ಯಾರನ್ನೂ ನಂಬದ ಮಗಳು ನಾನು ಯಾರ ಹಾಗೆ ಅಂದರೆ ಇವಳ ಹಾಗೆ.

ಅವಳು ಆಮೇಲೆ ಕರೆಂಟು ಮುಗಿಸಿದ್ದು, ಗಂಟಲು ಉರಿದು ವಾರಗಟ್ಟಲೆ ಗಂಜಿ ಕುಡಿದದ್ದು, ಊರಿಗೆ ಹೋಗಿ ಸೊಸೆಯ ಮುಂದೆ ನನ್ನನ್ನು ಆಡಿಕೊಂಡದ್ದು, ಎಲ್ಲ ನಡೆಯಿತು. ಇವತ್ತಿಗೂ ನಾನು ಕೊಟ್ಟ ಮಾತ್ರೆಯನ್ನು ತಿರುಗಿಸಿ ಮುರುಗಿಸಿ ನೋಡಿಯೇ ನುಂಗುತ್ತಾಳೆ. ಆದರೆ ಅವತ್ತು ಅವಳು ಹೊರಡುತ್ತಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ, “ಕರೆಂಟಿಗಲ್ಲ, ಡಾಕ್ಟ್ರನ್ನ ನೀನೇ ಕೇಳೋಕೆ,” ಎಂದು ಆಟೋ ಹತ್ತಿಸಿದೆ. ಸಾಲಿನಲ್ಲಿದ್ದವರು ಬೈದರೂ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಡಾಕ್ಟರ ಎದುರಿನ ಕುರ್ಚಿಯಲ್ಲಿ ಅವ್ವನನ್ನು ಕೂರಿಸಿದೆ. “ನನಗೆ ಹೇಳಿದ್ದನ್ನೆಲ್ಲ ಇವಳಿಗೆ ಹೇಳಿ. ಒಂದನ್ನೂ ಬಿಡಬೇಡಿ,” ಅಂದೆ. ನಾನು ಎದುರಿಗಿದ್ದರೆ ಕಣ್ಸನ್ನೆ ಮಾಡಿದೆ ಅಂತಾಳೆ. ಅದಕ್ಕೇ ಹೊರಗೆ ಬಂದು ಬಾಗಿಲು ಹಾಕಿದೆ.