ಕಾಜಕ್ಕನ ಸಣ್ಣ ಹಳಿ

ಕಾಜಕ್ಕನ ಮುತ್ತಜ್ಜನಿಗೆ ಊರೆಲ್ಲ ಹಾರೆಯಜ್ಜ ಅನ್ನುತ್ತಿತ್ತು. ಗುಡ್ಡದ ಮೇಲಿನ ಕಲ್ಲುಗಣಿಗೆ ಸಣ್ಣ ಹಳಿಯ ರೈಲು ಹಾಕುವಾಗ ದಾರಿಗೆ ಅಡ್ಡಲಾಗಿ ಒಂದು ಬಂಡೆ ಬಂತು. ಗುತ್ತಿಗೆದಾರ ಕೈಚೆಲ್ಲಿ ಕೂತ. ಹಾರೆಯಜ್ಜ ಅಂಗಿ ಬಿಚ್ಚಿ ಪಕ್ಕಕ್ಕಿಟ್ಟು ಹಾರೆ ಎತ್ತಿದ. ಬಂಡೆ ಎರಡು ಹೋಳಾದ ಮೇಲೆಯೇ ಆ ಅಂಗಿ ಮತ್ತೆ ಮೈಗೆ ಬಂದದ್ದು. ಅವನ ಸೊಸೆ ಗೇಟಜ್ಜಿ. ರೈಲು ಬರುವ ಹೊತ್ತಿಗೆ ಗೇಟು ಹಾಕಿದಳೆಂದರೆ ಯಾರ ಮುಲಾಜೂ ಇಲ್ಲ. ದೊಡ್ಡ ಸಾಹೇಬರೊಬ್ಬರು ಕಾರಿನಲ್ಲಿ ಕೂತು ಹಾರ್ನ್ ಒತ್ತಿ ಒತ್ತಿ ಸುಸ್ತಾದಾಗ, "ಇನ್ನೂ ಜೋರಾಗಿ ಒತ್ತಿ ಸ್ವಾಮಿ, ರೈಲಿಗೂ ಕೇಳಿಸಲಿ, ಓಡಿ ಬರುತ್ತೆ" ಅಂದವಳು ಅವಳು. ಗೇಟಜ್ಜಿಯ ಮಗ, ಎಂದರೆ ಕಾಜಕ್ಕನ ಅಪ್ಪ, ಅದೇ ಹಳಿಯ ಮೇಲೆ ಡ್ರೈವರ್ ಆದ. ಲೈನು ಮುಚ್ಚಿದ ದಿನ ಇಂಜಿನ್ನಿನ ಬೆಂಕಿ ಆರಿಸಿ ಶೆಡ್ಡಿನಲ್ಲಿ ಬಿಟ್ಟು ಮನೆಗೆ ಹೋಗು ಎಂದು ಮೇಲಿನವರ ಹುಕುಂ. ಆತ ಹೂಂಗುಟ್ಟಿ, ಇನ್ನಷ್ಟು ಕಲ್ಲಿದ್ದಲು ಹಾಕಿ, ಹತ್ತುವವರಿಲ್ಲದ ನಿಲ್ದಾಣಗಳಲ್ಲೆಲ್ಲ ನಿಲ್ಲಿಸಿ ಸಿಳ್ಳೆ ಹೊಡೆದು, ತುದಿ ಮುಟ್ಟಿದ ಮೇಲೆ ಬೆಂಕಿ ಆರಿಸಿದ.

ಆಮೇಲೆ ಹಳಿ ಕಿತ್ತರು. ಇಂಜಿನ್ನಿಗೆ ಹಸಿರು ಬಣ್ಣ ಬಳಿದು, ಗಾಲಿಗೆ ಸಿಮೆಂಟು ಮೆತ್ತಿ, ನಾಲ್ಕು ರಸ್ತೆ ಕೂಡುವಲ್ಲಿ ಬೇಲಿಯೊಳಗೆ ನಿಲ್ಲಿಸಿದರು. ಅಪ್ಪ ಸಾಯುವವರೆಗೂ ಆ ರಸ್ತೆ ತುಳಿಯಲಿಲ್ಲ. ಕಾಜಕ್ಕ ತುಳಿಯುತ್ತಾಳೆ, ಆದರೆ ಮುಖ ತಿರುಗಿಸಿಕೊಂಡು.

ಕಾಜಕ್ಕ ಎಂಬ ಹೆಸರು ಕೆಲಸದಿಂದ ಬಂದದ್ದು. ದರ್ಜಿ ಅಂಗಡಿಯ ಮೂಲೆಯಲ್ಲಿ ಕೂತು ಅಂಗಿಗಳಿಗೆ ಕಾಜಾ ಕಟ್ಟಿ ಗುಂಡಿ ಹಚ್ಚುವುದು ಅವಳ ಕಸುಬು. ಸೀಮೆಸುಣ್ಣದ ಗುರುತಿನ ಮೇಲೆ ಬಟ್ಟೆ ಸೀಳಿ, ಸೀಳಿದ ಅಂಚಿಗೆ ದಾರ ಸುತ್ತಿ ಸುತ್ತಿ ಗುಂಡಿ ತೂರುವ ಕಣ್ಣು ಕೂಡಿಸಬೇಕು. ನೂಲಿನಷ್ಟು ಹೆಚ್ಚು ಸೀಳಿದರೂ ಹೊಸ ಅಂಗಿ ಹಾಳು.

ಒಂದು ದಿನ ಭಾವಮೈದುನ ಮನೆ ಬದಲಿಸುವಾಗ, ದೊಡ್ಡವರಾದ ಮಕ್ಕಳ ಆಟದ ಇಟ್ಟಿಗೆಗಳನ್ನು ಮೂಟೆ ಕಟ್ಟಿ ಕಸಕ್ಕೆ ಇಟ್ಟಿದ್ದ. ಒಂದರ ಮೇಲೊಂದು ಒತ್ತಿದರೆ ಕಚ್ಚಿಕೊಳ್ಳುತ್ತವಲ್ಲ, ಆ ಪ್ಲಾಸ್ಟಿಕ್ಕಿನವು. ಕಾಜಕ್ಕ ಒಂದನ್ನು ಕೈಗೆ ತೆಗೆದುಕೊಂಡಳು. ತಲೆಯ ಮೇಲೆ ಗುಂಡಿ, ಅಡಿಯಲ್ಲಿ ಕಾಜಾ. ಮೂಟೆ ಹೊತ್ತು ಮನೆಗೆ ಬಂದಳು.

"ಮೊಮ್ಮಕ್ಕಳು ಆಡೋದನ್ನ ಅಜ್ಜಿ ಆಡ್ತಾಳೆ ಅಂತ ಬೀದಿ ನಗುತ್ತೆ ಕಣೇ," ಅಂದ ಗಂಡ. ಆತ ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು. ಬಾಯಿ ಮಾತ್ರ ನಿವೃತ್ತಿಯಾಗಿರಲಿಲ್ಲ.

"ನಗ್ಲಿ ಬಿಡ್ರೀ. ನಗೋರಿಗೆಲ್ಲ ಟಿಕೆಟ್ ಹರೀರಿ, ನಿಮಗೂ ಕೆಲಸ ಆಗುತ್ತೆ."

ಅವಳು ಕಟ್ಟಿದ್ದು ಅಪ್ಪನ ಇಂಜಿನ್ನನ್ನೇ. ಅಂಗಡಿಯಲ್ಲಿ ಸಿಗುವ ಆಟಿಕೆ ರೈಲಿನ ಹಳಿ ಅಗಲ. ಇವಳದು ಅದರ ಅರ್ಧದಷ್ಟೇ, ಅಂಗೈಯೊಳಗೆ ಕೂರುವಂಥದು. ಉದ್ದ ಮೈ, ಗಿಡ್ಡ ಚಿಮಣಿ, ಹಿಂದೆ ಕಲ್ಲು ತುಂಬುವ ಡಬ್ಬಿಗಳು. ಮೋಟರು ಆ ಸಣಕಲು ಹೊಟ್ಟೆಯೊಳಗೆ ಹಿಡಿಸಲಿಲ್ಲ. ಅದನ್ನು ಮೊದಲ ಡಬ್ಬಿಯಲ್ಲಿ ಬಚ್ಚಿಟ್ಟು, ಮೇಲೆ ಬೂದು ಬಣ್ಣದ ಚೂರು ಸುರಿದು ಕಲ್ಲಿನ ರಾಶಿ ಮಾಡಿದಳು. ಇಂಜಿನ್ ಎಳೆದ ಹಾಗೆ ಕಾಣುತ್ತದೆ. ನಿಜಕ್ಕೂ ಹಿಂದಿನ ಡಬ್ಬಿ ಅದನ್ನು ತಳ್ಳುತ್ತದೆ.

"ನಮ್ಮ ಸಂಸಾರದ ಹಾಗೇ," ಅಂದ ಗಂಡ. "ಮುಂದೆ ಹೊಗೆ ಬಿಡೋನು ನಾನು."

ಅವಳದೊಂದು ಪಟ್ಟು ಇತ್ತು. ಇಟ್ಟಿಗೆಗೆ ಬ್ಲೇಡು ತಾಗಿಸಬಾರದು, ಅಂಟು ಹಾಕಬಾರದು. "ದಿನವೆಲ್ಲ ಬಟ್ಟೆ ಸೀಳ್ತೀನಿ. ಸೀಳಿದ್ದು ಮತ್ತೆ ಕೂಡಲ್ಲ. ಇದಾದ್ರೂ ತಪ್ಪಿದ್ರೆ ಬಿಚ್ಚೋ ಹಾಗಿರ್ಲಿ" ಅನ್ನುತ್ತಿದ್ದಳು.

ಕೋಟಿನ ಗುಂಡಿ ಹಚ್ಚಿಸಲು ಅಂಗಡಿಗೆ ಬಂದ ಹಲ್ಲಿನ ಡಾಕ್ಟರ ಕಣ್ಣಿಗೆ ಅವಳ ಚೀಲದೊಳಗಿನ ಇಂಜಿನ್ ಬಿತ್ತು. ಆಟದ ಇಟ್ಟಿಗೆ ಕಟ್ಟುವವರ ಕೂಟವೊಂದಿತ್ತು, ಡಾಕ್ಟರೇ ಅದರ ಅಧ್ಯಕ್ಷರು. ವರ್ಷಕ್ಕೊಮ್ಮೆ ದೊಡ್ಡ ಹಾಲಿನಲ್ಲಿ ಪ್ರದರ್ಶನ ನಡೆಸುತ್ತಿದ್ದರು. ತಾನಾಗಿ ಪೂರ್ತಿ ಸುತ್ತು ಹೊಡೆಯುವ ರೈಲುಗಳಿಗೆ ನಡುವಿನ ಮೇಜು. ಓಡದವಕ್ಕೆ ಗೋಡೆ ಪಕ್ಕದ ಮೇಜು, ಮುಂದೆ ಒಂದು ಹಗ್ಗ.

"ಗೋಡೆ ಮೇಜಿಗಾದ್ರೆ ನಾನು ಬರಲ್ಲ ಡಾಕ್ಟ್ರೇ," ಅಂದಳು ಕಾಜಕ್ಕ. "ನಮ್ಮಪ್ಪನ ಇಂಜಿನ್ನು ಒಂದ್ಸಲ ಬೇಲಿಯೊಳಗೆ ನಿಂತಿದ್ದು ಸಾಕು."

ಡಾಕ್ಟರು ಒಪ್ಪಿದರು. ಅವಳು ಹಳಿ ಕಟ್ಟಿದಳು, ಗುಡ್ಡ ಕಟ್ಟಿದಳು, ಗುಡ್ಡಕ್ಕೊಂದು ಸುರಂಗ ಕೊರೆದಳು. ಮನೆಯಲ್ಲಿದ್ದದ್ದು ಇಸ್ತ್ರಿ ಮೇಜು ಒಂದೇ. ಅದರ ಮೇಲೆ ನೆಟ್ಟಗೆ ಹಳಿ ಹಾಸಿ, ಸುರಂಗ ಕೂರಿಸಿ, ರೈಲು ಓಡಿಸಿ ನೋಡಿದಳು. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಯಿತು.

ಪ್ರದರ್ಶನದ ಬೆಳಿಗ್ಗೆ ಹಾಲಿನಲ್ಲಿ ಮೇಜುಗಳನ್ನು ಜೋಡಿಸಿ ಹಳಿಯನ್ನು ಪೂರ್ತಿ ಸುತ್ತಿಗೆ ಹಾಸಿದರು. ಅಲ್ಲಿ ಸುರಂಗ ಬಂದು ಕೂತದ್ದು ತಿರುವಿನ ಮೇಲೆ. ರೈಲು ಒಳಹೊಕ್ಕಿತು, ಟಕ್ ಎಂದು ನಿಂತಿತು. ಮತ್ತೆ ಬಿಟ್ಟಳು, ಮತ್ತೆ ಟಕ್.

ಉದ್ದನೆಯ ಮಂಚವನ್ನು ತಿರುವು ಮೆಟ್ಟಿಲಲ್ಲಿ ಇಳಿಸಿದವರಿಗೆ ಇದು ಗೊತ್ತು. ನೇರ ದಾರಿಯಲ್ಲಿ ಸಲೀಸಾಗಿ ಹೋಗುವ ಉದ್ದ ಮೈ, ತಿರುವಿನಲ್ಲಿ ಹೊಟ್ಟೆಯನ್ನು ಒಳಗೋಡೆಯತ್ತ ಚಾಚುತ್ತದೆ. ಸುರಂಗದ ಅಳತೆಯನ್ನು ಕಾಜಕ್ಕ ನೇರ ಹಳಿಯ ಮೇಲೆ ತೆಗೆದಿದ್ದಳು. ಅಲ್ಲಿಯೇ ಎಡವಟ್ಟಾಗಿತ್ತು.

ಬಾಗಿಲ ಹೊರಗೆ ಜನ ಸೇರುತ್ತಿದ್ದರು. ಡಾಕ್ಟರು ಬಗ್ಗಿ ಸುರಂಗದೊಳಗೆ ಇಣುಕಿದರು. ಬಾಯಿ ತೆರೆಸಿ ನೋಡುವ ಅಭ್ಯಾಸ.

"ಅಕ್ಕಾ, ಒಂಚೂರು ಒಳಗೋಡೆ ಉಜ್ಜಿದ್ರೆ ಆಯ್ತು. ಮಿಷನ್ನು ಕಾರಲ್ಲೇ ಇದೆ. ನೋವೇ ಆಗಲ್ಲ."

"ನಿಮ್ಮ ಕೈಗೆ ಸಿಕ್ಕಿದ್ದೆಲ್ಲ ಹುಳುಕು ಹಲ್ಲಾ ಡಾಕ್ಟ್ರೇ? ಬೇಡ."

"ಹಂಗಾದ್ರೆ ಇಂಜಿನ್ನೇ ಒಂದಿಷ್ಟು ಮೋಟು ಮಾಡೇ," ಅಂದ ಗಂಡ. "ಯಾರು ಟೇಪ್ ಹಿಡಿದು ಅಳೀತಾರೆ?"

"ನಾನು ಅಳೀತೀನಿ. ನಮ್ಮಪ್ಪ ಮೋಟು ಇಂಜಿನ್ ಓಡಿಸಿದೋರಲ್ಲ."

ಡಾಕ್ಟರು ಗಡಿಯಾರ ನೋಡಿ ದನಿ ತಗ್ಗಿಸಿದರು. "ಬೇಜಾರು ಮಾಡ್ಕೋಬೇಡಿ ಅಕ್ಕಾ. ಈ ಸಲಕ್ಕೆ ಗೋಡೆ ಮೇಜಿಗೆ ಇಡೋಣ. ಮುಂದಿನ ಸಲ ಓಡುತ್ತೆ." ಕೂಟದ ಸದಸ್ಯರಿಬ್ಬರು ಬಂದು ಮೇಜಿಗೆ ಕೈ ಹಾಕಿದರು.

ಕಾಜಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿಗೂ ಅವರಿಗೂ ನಡುವೆ ನಿಂತಳು. "ಕೈ ತೆಗೀರಪ್ಪಾ. ಬಾಗಿಲು ತೆಗೀಬೇಕಾದ್ರೆ ತೆಗೀರಿ. ನನ್ನ ಕೆಲಸ ಜನ ನೋಡಿದ್ರೆ ಸವೆದು ಹೋಗಲ್ಲ."

ಬಾಗಿಲು ತೆರೆಯಿತು. ಮಕ್ಕಳನ್ನು ಹೆಗಲಿಗೇರಿಸಿಕೊಂಡ ಅಪ್ಪಂದಿರು, ಕೈಯಲ್ಲಿ ಫೋನ್ ಹಿಡಿದವರು ಒಳನುಗ್ಗಿದರು. ಅಕ್ಕಪಕ್ಕದ ಮೇಜುಗಳ ಮೇಲೆ ರೈಲುಗಳು ಝಗಮಗ ಸುತ್ತುತ್ತಿದ್ದರೆ, ಇವಳೊಬ್ಬಳು ಎಲ್ಲರೆದುರೇ ಗುಡ್ಡ ಕೆಡವತೊಡಗಿದಳು. ಒಳಗೋಡೆ ಸರಿಸಬೇಕಾದರೆ ಅದರ ಮೇಲೆ ಕೂತ ಗುಡ್ಡದ ನೆತ್ತಿ ಮೊದಲು ಬರಬೇಕು. ಉಗುರು ತೂರಿಸಿ ಒಂದೊಂದೇ ಇಟ್ಟಿಗೆ ಎಬ್ಬಿಸಿದಳು. ಮರ ಹೋಯಿತು, ಬಂಡೆ ಹೋಯಿತು, ನೆತ್ತಿ ಹೋಯಿತು.

"ಅಯ್ಯೋ, ಮುರಿದೋಯ್ತಾ ಅಜ್ಜಿ?" ಅಂದಳು ಒಬ್ಬ ಹೆಂಗಸು.

"ಮುರಿದಿಲ್ಲವ್ವಾ, ಮುರೀತಾ ಇದ್ದೀನಿ. ಎರಡೂ ಬೇರೆ."

ಒಳಗೋಡೆಯನ್ನು ಎರಡು ಗುಂಡಿಯಷ್ಟು ಹಿಂದಕ್ಕೆ ಸರಿಸಿ ಒತ್ತಿದಳು. ಈಗ ಹೊಟ್ಟೆಗೆ ಜಾಗವಾಯಿತು, ಆದರೆ ಸುರಂಗ ಅಗಲವಾಗಿ ನೆತ್ತಿಯ ಹಲಗೆ ಆಚೆ ಗೋಡೆ ಮುಟ್ಟಲಿಲ್ಲ. ಇರಲಿ. ನೆತ್ತಿಯನ್ನು ಪಕ್ಕಕ್ಕಿಟ್ಟು ರೈಲು ಬಿಟ್ಟಳು.

ಸೂರಿಲ್ಲದ ಸುರಂಗದೊಳಗೆ ಎಲ್ಲರಿಗೂ ಕಾಣುವಂತೆ ಇಂಜಿನ್ ತಿರುಗಿತು. ಹೊಟ್ಟೆ ಗೋಡೆಯನ್ನು ಸವರಿಯೂ ಸವರದ ಹಾಗೆ ಜಾರಿತು. ಹಿಂದೆಯೇ ಕಲ್ಲಿನ ಡಬ್ಬಿಗಳು ಒಂದಾದ ಮೇಲೊಂದು ಬಾಲ ಬಳುಕಿಸಿ ಆಚೆ ಬಂದವು. ಸುತ್ತು ಪೂರ್ತಿಯಾಗಿ ಮತ್ತೆ ಗುಡ್ಡಕ್ಕೆ ನುಗ್ಗಿತು. ಗಂಡ ಬಾಯಿಗೆ ಎರಡು ಬೆರಳಿಟ್ಟು, ಬಸ್ಸು ಹೊರಡಿಸುವ ಹಾಗೆ ಸೀಟಿ ಹೊಡೆದ. ಅಕ್ಕಪಕ್ಕದ ದೊಡ್ಡ ರೈಲುಗಳನ್ನು ಬಿಟ್ಟು ಜನ ಇತ್ತ ಸರಿದರು. ಬೋಳು ಗುಡ್ಡದೊಳಗೆ ರೈಲು ಮೈ ಮುರಿಯುವುದನ್ನು ನೋಡಲು.

ಡಾಕ್ಟರಿಗೆ ನಿಜವಾಗಿಯೂ ಖುಷಿಯಾಗಿತ್ತು. ಒಂದು ಕುರ್ಚಿ ಎಳೆದುಕೊಂಡು ಬಂದರು. ಹಿಂದೆ ಸದಸ್ಯರಿಬ್ಬರು ಅಗಲವಾದ ಹಲಗೆಗಳ ಡಬ್ಬಿ, ಅಂಟಿನ ಟ್ಯೂಬು ಹಿಡಿದು ನಿಂತಿದ್ದರು.

"ನಡುವಿನ ಮೇಜು ನಿಮ್ಮದೇ ಅಕ್ಕಾ, ಮಾತೇ ಇಲ್ಲ. ಬೆಳಿಗ್ಗೆಯಿಂದ ನಿಂತಿದ್ದೀರಿ, ಕೂತ್ಕೊಳ್ಳಿ. ಈ ಬೋಳು ನೆತ್ತಿ ಚೆನ್ನಾಗಿ ಕಾಣಲ್ಲ. ನಮ್ಮ ಹುಡುಗರು ಗಟ್ಟಿಯಾಗಿ ಮುಚ್ಚಿ ಕೊಡ್ತಾರೆ."

ಕಾಜಕ್ಕ ಕಣ್ಣು ರೈಲಿನ ಮೇಲಿಂದ ತೆಗೆಯಲಿಲ್ಲ.

"ಬೇಡ ಡಾಕ್ಟ್ರೇ, ಆ ಟ್ಯೂಬು ಜೇಬಿಗೆ ಹಾಕ್ಕೊಳ್ಳಿ. ಅಳತೆ ತಪ್ಪಿದೋಳು ನಾನು, ಕೆಡವಿದೋಳು ನಾನು. ನೆತ್ತಿ ಕಟ್ಟೋಕೆ ಇನ್ನೊಬ್ರು ಯಾಕೆ? ಸಂಜೆಯೊಳಗೆ ಕೂಡಿದ್ರೆ ಕೂಡ್ತು, ಇಲ್ದಿದ್ರೆ ಬೋಳು ಗುಡ್ಡದಲ್ಲೇ ಓಡುತ್ತೆ ನನ್ನ ರೈಲು. ಆ ಕುರ್ಚೀನೂ ತಗೊಂಡ್ ಹೋಗಿ. ನಿಂತ್ಕೊಂಡೇ ಕಟ್ತೀನಿ."