ನಾಲೊಂಗೊ ಹೊಲಿದ ಮೇರಿ

ನಾನು ಮಸಾಕಾ ಪೇಟೆಯ ಒಂದು ಅಂಗಡಿಯಲ್ಲಿ ಬೋರ್ಡು ಬರೆಯುವ ಸಂಬಳದವನು. ಸಲೂನು, ಹಂದಿಮಾಂಸದ ಅಂಗಡಿ, ಹಲ್ಲಿನ ಡಾಕ್ಟರು, ಯಾರಿಗಾದರೂ ಸರಿ, ಅರ್ಧ ದಿನದಲ್ಲಿ ನಗುವ ಮುಖವೊಂದನ್ನು ಬರೆದುಕೊಡುತ್ತೇನೆ. ನನಗೆ ಬರುವುದು ಆ ಒಂದೇ ಮುಖ ಎನ್ನುವುದು ಗಿರಾಕಿಗಳಿಗೆ ಗೊತ್ತಿರಲಿಲ್ಲ. ಆ ವರ್ಷದ ಆಗಮನ ಕಾಲದಲ್ಲಿ ಇಡೀ ಚರ್ಚಿಗೆ ಗೊತ್ತಾಯಿತು.

ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರ ನಮ್ಮ ಚರ್ಚಿನ ನಾಲ್ಕು ಕೇರಿಯವರು ಸೇರಿ, ಪೀಠದ ಹಿಂದೆ ತೂಗುಹಾಕಲು ಒಂದು ದೊಡ್ಡ ಚಿತ್ರ ಮಾಡುತ್ತಾರೆ. ಮುಟುಬಾ ಮರದ ತೊಗಟೆಯನ್ನು ಬಡಿದು ಬಡಿದು ಹಿಗ್ಗಿಸಿದ ಕೆಂಗಂದು ಬಟ್ಟೆಯ ಮೇಲೆ, ಕೇರಿಗೊಂದು ತುಂಡು. ನಾಲ್ಕನೆಯ ಭಾನುವಾರ ಪ್ರತಿ ಕೇರಿಯಿಂದ, ಕೆಲಸ ಮಾಡಿದವರಲ್ಲಿ ಒಬ್ಬರು ತಮ್ಮ ತುಂಡನ್ನು ಎರಡೂ ಕೈಗಳ ಮೇಲೆ ಹೊತ್ತು ಪೀಠದವರೆಗೆ ಹೋಗಿ ಫಾದರ್‌ಗೆ ಒಪ್ಪಿಸುತ್ತಾರೆ. ಆ ಸಲ ಮೇರಿ ಮಾತೆ ನಮ್ಮ ಕೇರಿಯ ಪಾಲಿಗೆ ಬಂದಿದ್ದಳು. ಚಿತ್ರಗಾರನಿದ್ದಾನಲ್ಲ ಎಂದು ಎಲ್ಲರೂ ನನ್ನನ್ನು ಮುಂದೆ ತಳ್ಳಿದರು. ನಾನೂ ಸಂತೋಷದಿಂದಲೇ ತಳ್ಳಿಸಿಕೊಂಡೆ.

ಅಂಗಡಿಯ ಎನಾಮೆಲ್ ಬಣ್ಣದಲ್ಲಿ ಮೇರಿಯ ಮುಖ ಬರೆದೆ. ಹೆಂಗಸರು ಸುತ್ತ ನಿಂತು ನೋಡಿದರು.

“ಇವಳ ಹತ್ರ ಜಡೆ ಹಾಕಿಸಿಕೊಳ್ಳೋಕೆ ಎಷ್ಟಾಗ್ತದೆ?” ಎಂದಳು ಒಬ್ಬಳು.

“ಕೆಳಗೆ ಫೋನ್ ನಂಬರ್ ಬರಿಯೋದು ಮರ್ತಿದ್ದೀಯ, ಸೆಬ್ಬೋವಾ,” ಎಂದಳು ಇನ್ನೊಬ್ಬಳು.

ನಗದೆ ಇದ್ದವಳು ನಾಲೊಂಗೊ ಒಬ್ಬಳೇ. ಬಣ್ಣವನ್ನು ಉಗುರಿನಿಂದ ತಟ್ಟಿ ನೋಡಿ, “ತೊಗಟೆಗೆ ಉಸಿರು ಕಟ್ಟಿದೆ, ಮಗಾ. ನಾಳೆಗೆ ಬಿರೀತದೆ. ಇಲ್ಲಿ ಕೊಡು,” ಎಂದಳು.

ಅವಳ ಹೆಸರು ಪೆರೆಪೆತುವಾ. ಅವಳಿ ಮಕ್ಕಳನ್ನು ಹೆತ್ತಂದಿನಿಂದ ಊರಿಗೆಲ್ಲ ನಾಲೊಂಗೊ. ಗಂಡ ಕಸುಜ್ಜಾನದು ತೊಗಟೆ ಬಡಿಯುವ ಕಸುಬು. ಬಡಿಯುವಾಗ ಬಿದ್ದ ತೂತುಗಳಿಗೆ ತೇಪೆ ಹಾಕುವುದು ಇವಳ ಕೆಲಸ. ತೇಪೆ ಎಲ್ಲಿದೆಯೆಂದು ಬೆಳಕಿಗೆ ಹಿಡಿದರೂ ತಿಳಿಯುತ್ತಿರಲಿಲ್ಲ. ಗಂಡ ಎಂದೆನಲ್ಲ, ಚರ್ಚಿನ ಪುಸ್ತಕದಲ್ಲಿ ಮಾತ್ರ ಅವನು ಬೇರೊಬ್ಬಳ ಗಂಡ. ಪೀಠದ ಮುಂದೆ ಮದುವೆಯಾದ ಮೊದಲ ಹೆಂಡತಿ ಕಂಪಾಲಾಕ್ಕೆ ಹೋದವಳು ತಿರುಗಿ ಬರಲಿಲ್ಲ, ಸಾಯಲೂ ಇಲ್ಲ. ಹೀಗಾಗಿ ಚರ್ಚಿನಲ್ಲಿ ಮದುವೆಯಾಗಲಾರದ ನಾಲೊಂಗೊಗೆ ಇಪ್ಪತ್ತೆರಡು ವರ್ಷಗಳಿಂದ, ಪೂಜೆಯಲ್ಲಿ ಫಾದರ್ ಕೊಡುವ ಪರಮಪ್ರಸಾದವಿಲ್ಲ. ಎಲ್ಲರೂ ಸಾಲಾಗಿ ಮುಂದೆ ಹೋಗುವಾಗ ಅವಳು ಕೊನೆಯ ಬೆಂಚಿನಲ್ಲಿ ಮೊಣಕಾಲು ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತಿದ್ದಳು. ಮಕ್ಕಳು ಮೊದಲ ಪ್ರಸಾದ ತೆಗೆದುಕೊಂಡ ದಿನವೂ ಅವರ ಕಾಲರು ಸರಿಮಾಡಿ ಕಳಿಸಿ, ಅಲ್ಲೇ ಕೂತಿದ್ದಳಂತೆ.

ನನ್ನ ಸಲೂನು ಸುಂದರಿಯನ್ನು ಅವಳು ಕತ್ತರಿಸಿ ತೆಗೆದಳು. ಹಳೆಯ ಕಪ್ಪು ತೊಗಟೆಯಿಂದ ಹೊಸ ಮುಖ, ಬಾಳೆನಾರಿನಿಂದ ಮುಸುಕು. ಎರಡು ವಾರದಲ್ಲಿ ಎದ್ದು ಬಂದ ಮೇರಿ, ನೋವು ಶುರುವಾಗಿದ್ದರೂ ಯಾರಿಗೂ ಹೇಳದೆ ನಡೆಯುತ್ತಿರುವ ಬಸುರಿಯ ಹಾಗಿದ್ದಳು. ಹೆಂಗಸರು ಈ ಸಲ ನಗಲಿಲ್ಲ. ಸೂಜಿಗೆ ನಾರು ಪೋಣಿಸಿಕೊಡುವುದು ನನ್ನ ಪಾಲಿನ ಕಲೆಯಾಗಿತ್ತು.

ಕೊನೆಯ ಹೊಲಿಗೆ ಹಾಕುತ್ತ ನಾಲೊಂಗೊ ಕೇಳಿದಳು: “ಇದನ್ನ ನಾನು ಹೊತ್ಕೊಂಡು ಹೋಗ್ಬಹುದಾ, ಮಗಾ? ಪ್ರಸಾದ ಕೇಳ್ತಿಲ್ಲ. ಕೊಟ್ಟು ತಿರುಗಿ ಬಂದ್ಬಿಡ್ತೀನಿ. ನೀನು ಓದಿದವನು, ಫಾದರ್‌ನ ಕೇಳು.”

“ಕೇಳ್ತೀನಿ ನಾಲೊಂಗೊ. ಅದೇನು ಮಹಾ!”

ಫಾದರ್ ಕೋಣೆಗೆ ಹೊರಟವನನ್ನು ಅಂಗಳದಲ್ಲೇ ತಡೆದವರು ಉಪದೇಶಿ ಲೂದೊವಿಕೊ ಮಾಸ್ತರು. ಹೊರುವವರ ಪಟ್ಟಿ ಅವರ ಜೇಬಿನಲ್ಲಿತ್ತು.

“ಅವಳಾ? ಪ್ರಸಾದ ತಗೊಳ್ಳದವಳು ಪೀಠಕ್ಕೆ ಬಂದ್ರೆ, ಬರೋ ವರ್ಷ ಊರಿನ ಎರಡನೇ ಹೆಂಡ್ತಿಯರೆಲ್ಲ ಮೆರವಣಿಗೆ ಹೊರಡ್ತಾರೆ. ನೀನೇ ಹಿಡಿ. ನಿಮ್ಮ ಅಂಗಡಿ ಯಜಮಾನ್ರು ಮುಂದಿನ ಬೆಂಚಲ್ಲೇ ಕೂತಿರ್ತಾರೆ, ನೋಡ್ಲಿ.”

ಫಾದರ್ ಕೋಣೆ ಹತ್ತು ಹೆಜ್ಜೆ ಆಚೆಗಿತ್ತು. ಬಾಗಿಲು ತೆರೆದೇ ಇತ್ತು. ನಾನು “ಆಗ್ಲಿ ಮಾಸ್ತರೇ” ಎಂದು ಸೈಕಲ್ ಹತ್ತಿದೆ. ನಾಲೊಂಗೊಗೆ ಹೇಳಿಬಿಡಬೇಕೆಂದು ನಾಲ್ಕು ದಿನ ಅಂದುಕೊಂಡೆ. ಅಂದುಕೊಳ್ಳುವುದರಲ್ಲಿ ನಾನು ಗಟ್ಟಿಗ.

ಭಾನುವಾರ ಅವಳು ಹಸಿರು ಗೊಮೆಸಿ ಉಟ್ಟು, ನಡುಪಟ್ಟಿ ಬಿಗಿದು, ಮೇರಿಯನ್ನು ತೋಳುಗಳ ಮೇಲೆ ಮಲಗಿಸಿಕೊಂಡು ಚರ್ಚಿನ ಬಾಗಿಲಲ್ಲಿ ಮೊದಲೇ ಬಂದು ನಿಂತಿದ್ದಳು. ಮಾಸ್ತರು ಅದನ್ನು ಎತ್ತಿ ನನ್ನ ಕೈಗಿಟ್ಟರು. ಅವಳು ನನ್ನ ಮುಖ ನೋಡಿದಳು.

“ಫಾದರ್ ಬೇಡ ಅಂದ್ರು,” ಎಂದೆ. ಅಷ್ಟು ಸಲೀಸಾಗಿ ಬಂತು ಬಾಯಿಗೆ.

ಅವಳ ತೋಳುಗಳು ಸ್ವಲ್ಪ ಹೊತ್ತು ಹಾಗೇ ಮುಂದೆ ಚಾಚಿಕೊಂಡಿದ್ದವು. ಆಮೇಲೆ ಬಟ್ಟೆಯ ಅಂಚು ಸರಿಮಾಡಿ, “ತಲೆ ಈ ಕಡೆ. ತಲೆಕೆಳಗಾಗಿ ಕೊಟ್ಟೀಯ,” ಎಂದಳು. ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು.

ನಾನು ನಡೆದೆ. ಹೆಂಗಸರು ನಾಲಿಗೆ ಆಡಿಸಿ ಹರ್ಷದ ಕೂಗು ಹಾಕಿದರು, ಡೋಲು ಬಡಿಯಿತು, ಯಜಮಾನರು ತಲೆದೂಗಿದರು. ಪೂಜೆ ಮುಗಿದ ಮೇಲೆ ಫಾದರ್ ನನ್ನ ಬೆನ್ನು ತಟ್ಟಿ, “ಆ ಮೇರೀನ ಮಾಡಿದ್ದು ನೀನಾ?” ಎಂದರು.

“ಅಲ್ಲ ಫಾದರ್, ನಾಲೊಂಗೊ.”

“ಮತ್ತೆ ಅವಳೇ ತರಬಹುದಿತ್ತಲ್ಲಪ್ಪಾ? ನನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತು.”

ಕ್ರಿಸ್‌ಮಸ್ಸಿಗೆ ಅವಳು ಚರ್ಚಿಗೆ ಬರಲಿಲ್ಲ. ಮರುದಿನ ಒಂದು ಕಿಲೋ ಸಕ್ಕರೆ ಕಟ್ಟಿಸಿಕೊಂಡು ಅವಳ ಮನೆಗೆ ಹೋದೆ, ಎಲ್ಲವನ್ನೂ ಹೇಳಿಬಿಡಬೇಕೆಂದು. ನನ್ನ ತಾಯಿಯ ವಯಸ್ಸಿನವಳು, ಮನೆಗೆ ಬಂದ ಗಂಡಸರಿಗೆ ನಮ್ಮ ಹೆಂಗಸರು ಮಾಡುವಂತೆ ಮೊಣಕಾಲೂರಿ ನನ್ನನ್ನು ಬರಮಾಡಿಕೊಂಡಳು. ಅಲ್ಲಿಗೇ ನನ್ನ ಅರ್ಧ ಮಾತು ಸತ್ತಿತು. ಹವೆ ಚೆನ್ನಾಗಿದೆ ಎಂದೆ. ಬಾಳೆಗೊನೆ ದಪ್ಪಗಿದೆ ಎಂದೆ. ಅವಳು ಬಾಳೆಕಾಯಿ ಸಿಪ್ಪೆ ಹೆರೆಯುತ್ತ ಕೂತಿದ್ದಳು.

“ಒಂದು ಕೇಳ್ಲಾ?” ಎಂದಳು. “ಪೀಠ ಹತ್ರದಿಂದ ಹೇಗೆ ಕಾಣ್ತದೆ?”

ನೆನಪು ಮಾಡಿಕೊಂಡೆ. ಯಜಮಾನರ ಮುಖ ನೆನಪಾಯಿತು. ಫೋಟೋದವನು ಎಲ್ಲಿ ನಿಂತಿದ್ದ ಎನ್ನುವುದೂ ನೆನಪಾಯಿತು. ಪೀಠ ನೆನಪಾಗಲಿಲ್ಲ.

“ಬಿಳೀ ಬಟ್ಟೆ ಹಾಸಿತ್ತು, ನಾಲೊಂಗೊ. ಆರು ಮೇಣದ ಬತ್ತಿ. ನಡುವೆ ಶಿಲುಬೆ.”

ಅವಳ ಕೈಯಲ್ಲಿನ ಚಾಕು ನಿಂತಿತು.

“ಅಷ್ಟೆಲ್ಲ ಕೊನೇ ಬೆಂಚಿಗೂ ಕಾಣ್ತದೆ, ಮಗಾ,” ಎಂದಳು. ಇನ್ನೊಂದು ಬಾಳೆಕಾಯಿ ಎತ್ತಿಕೊಂಡಳು.