ಸ್ಥಳ ಹೇಳದ ಹಾಡು

ಶಿರಾದ ಮೈಕ್ ದಸ್ತಗೀರ್ ಸಾಬರು ಮನೆಯಲ್ಲಿ ನೀರು ಕೇಳಬೇಕಾದರೂ "ಮಹನೀಯರೇ" ಎಂದೇ ಶುರು ಮಾಡುತ್ತಾರೆಂದು ಅವರ ಹೆಂಡತಿ ಕುಲ್ಸುಮ್ ಬೀದಿಗೆಲ್ಲ ಹೇಳಿಕೊಂಡು ನಗುತ್ತಾರೆ. ಒಂದು ಕಾಲಕ್ಕೆ ಸಾಬರು ಪ್ರಚಾರದ ಆಟೊದಲ್ಲಿ ಕೂತು ಮೈಕ್ ಹಿಡಿದರೆ, ಸರ್ಕಸ್ಸಿರಲಿ, ಸೀರೆ ಸೇಲಿರಲಿ, ತಾವರೆಕೆರೆ ಮುಟ್ಟುವವರೆಗೆ ಉಸಿರೇ ತೆಗೆದುಕೊಳ್ಳುತ್ತಿರಲಿಲ್ಲ. ಅವರು ಎಸೆಯುವ ಗುಲಾಬಿ ಬಣ್ಣದ ಪಾಂಪ್ಲೆಟ್ಟಿಗಾಗಿ ಮಕ್ಕಳ ದಂಡೇ ಹಿಂದೆ ಓಡುತ್ತಿತ್ತು. ಈಗ ಆಟೊದಲ್ಲಿ ಪೆನ್‌ಡ್ರೈವ್ ಕೂಗುತ್ತದೆ, ಸಾಬರು ಟೀ ಅಂಗಡಿಯಲ್ಲಿ ಕೂತು ಅದರ ತಪ್ಪು ಹಿಡಿಯುತ್ತಾರೆ. ಅವರ ಬೀದಿಯಲ್ಲೇ ಬೆಳೆದ ಆರ್ಜೂಳ ಹೊಸ ರ‍್ಯಾಪ್ ಆಲ್ಬಂ ಬಂದ ಮೇಲಂತೂ ಅವರಿಗೆ ಪುರುಸೊತ್ತೇ ಇಲ್ಲ. ಹುಡುಗರು ಅದನ್ನು ಫೋನಿನಲ್ಲಿ ಹಾಕಿಕೊಂಡು ಕುಣಿಯುತ್ತಾರೆ, ವಯಸ್ಸಾದವರು "ಇದೇನು ಹಾಡಾ, ಜಗಳನಾ?" ಅನ್ನುತ್ತಾರೆ, ಸಾಬರು ಮಾತ್ರ ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಉಸಿರು ಗಟ್ಟಿಯಾಗೈತೆ ಕಣ್ಲಾ. ಆದ್ರೆ ಇಷ್ಟೆಲ್ಲ ಕೂಗಿ ಸ್ಥಳ ಯಾವ್ದು ಅಂತ್ಲೇ ಹೇಳ್ಲಿಲ್ವಲ್ಲ! ಜನ ಎಲ್ಲಿಗೆ ಬರ್ಬೇಕು?" ಎಂದು ಹಾಡು ಹಾಡಿಗೂ ಸಿಡುಕುತ್ತಾರೆ. ಕೊನೆಯ ಹಾಡಿನಲ್ಲಿ ವಾದ್ಯಗಳೆಲ್ಲ ನಿಂತು, ಆರ್ಜೂಳ ದನಿಯೊಂದೇ ಉಳಿದು, ಥೇಟ್ ಸಾಬರ ಎಳೆತದಲ್ಲೇ, "ಸ್ಥಳ... ದಸ್ತಗೀರ್ ಚಾಚಾನ ಆಟೊ ಹಿಂದೆ" ಅನ್ನುತ್ತದೆ. ಅಲ್ಲಿಗೆ ಬಂದಾಗಲೆಲ್ಲ ಸಾಬರು ಕೈಯಲ್ಲಿನ ಟೀ ಕೆಳಗಿಟ್ಟು, ಫೋನಿನ ಕಡೆ ಬಾಗಿ, ಮೈಕಿಲ್ಲದ ಸಣ್ಣ ದನಿಯಲ್ಲಿ, "ಸ್ಥಳ ಸರಿಯಾಗೈತೆ ಬೇಟಿ, ಟೈಮ್ ಹೇಳ್ಲಿಲ್ವಲ್ಲ" ಅನ್ನುತ್ತಾರೆ.